ಹವಳದ ತೊಟ್ಟಿಗೊಂದು ಬದು

ಸರಪರ, ಸರಪರ. ನಾಲೆಗೆ ನೀರು ಬಿಟ್ಟ ದಿನ ನೀರಿಗಿಂತ ಮುಂಚೆ ಕೊತ್ತತ್ತಿ ಊರಿಗೆ ಬರುವುದು ಈ ಸದ್ದು. ಒಣಗಿದ ನಾಲೆಯೊಳಗೆ ಬಿದ್ದಿದ್ದ ತರಗೆಲೆ, ಕಬ್ಬಿನ ಸೋಗೆ, ಬಿಸ್ಕತ್ತಿನ ಪೊಟ್ಟಣ ಎಲ್ಲವನ್ನೂ ತಳ್ಳಿಕೊಂಡು ನೀರು ನಿಧಾನವಾಗಿ ಬರುತ್ತದೆ. ಕೇಳಿದವರು ಗುದ್ದಲಿ ಹುಡುಕುತ್ತಾರೆ. ನಾಲೆಯ ಪಕ್ಕದ ಮನೆಯ ಹೊನ್ನಯ್ಯ ಮಾತ್ರ ಈ ಸಲ ತಲೆ ಎತ್ತಲಿಲ್ಲ. ಅವರ ಎರಡು ಕೈಯೂ ಮೊಣಕೈವರೆಗೆ ಉಪ್ಪುನೀರಿನಲ್ಲಿ ಮುಳುಗಿದ್ದವು.

ಹೊನ್ನಯ್ಯ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ದುಡಿದು ನಿವೃತ್ತರಾದವರು. ಗಿಣ್ಣಿನ ಮೊಳಕೆಗಣ್ಣು ನೋಡಿ ಬಿತ್ತನೆ ಕಬ್ಬು ತುಂಡು ಮಾಡುವುದು, ದಾಸವಾಳದ ಕಡ್ಡಿ ಊರುವುದು, ಮಾವಿಗೆ ಕಸಿ ಕಟ್ಟುವುದು, ಹೀಗೆ ಒಂದನ್ನು ಹತ್ತು ಮಾಡುವುದೇ ಅವರ ಕೆಲಸವಾಗಿತ್ತು. ಮನೆಗೆ ಬಂದ ಮೇಲೂ ಕೈ ಸುಮ್ಮನಿರಲಿಲ್ಲ. ಬೀಗರ ಮನೆಗೆ ಊಟಕ್ಕೆ ಹೋದವರು ಅವರ ಅಂಗಳದ ಗುಲಾಬಿಯ ಅರ್ಧ ಗಿಡವನ್ನೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು.

ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಸೊಳ್ಳೆಮರಿ ತಿನ್ನಲು ಪುಟ್ಟ ಮೀನು ಬೇಕೆಂದು ಮಂಡ್ಯದಲ್ಲಿ ಬಣ್ಣದ ಮೀನು ಮಾರುವ ರಿಯಾಜನ ಅಂಗಡಿಗೆ ಹೋದದ್ದೇ ನೆಪವಾಯಿತು. ಅಲ್ಲಿ ರಿಯಾಜ್ ಒಂದು ಹವಳವನ್ನು ಬ್ಲೇಡಿನಿಂದ ತುಂಡು ಮಾಡಿ, ತುಂಡನ್ನು ಪುಟ್ಟ ಕಲ್ಲಿಗೆ ಅಂಟಿಸುತ್ತಿದ್ದ. ಹೊನ್ನಯ್ಯ ಮೀನು ಮರೆತು ನಿಂತರು.

“ತುಂಡು ಬೆಳೀತದಾ?”

“ಬೆಳೀತದೆ ಅಣ್ಣ. ನೀರು, ಬೆಳಕು ಸರಿ ಇದ್ರೆ ಸಾಕು.”

“ಹಂಗಾದ್ರೆ ಇದು ನನ್ ಕಸ್ಬು ಕಣಪ್ಪ.”

ಅಂಗಡಿ ಬಾಗಿಲು ಹಾಕುವವರೆಗೂ ಅವರು ಅಲ್ಲಿಂದ ಕದಲಲಿಲ್ಲ. ಮಾರನೆಯ ವಾರವೂ ಹೋದರು, ಅದರ ಮುಂದಿನ ವಾರವೂ ಹೋದರು. ಕೊನೆಗೆ ರಿಯಾಜನೇ ಗಾಜಿನ ತೊಟ್ಟಿ, ನೀರು ತಿರುಗಿಸುವ ಪಂಪು, ದೀಪ ಎಲ್ಲವನ್ನೂ ಗೂಡ್ಸ್ ಆಟೊದಲ್ಲಿ ತಂದು ಇವರ ಪಡಸಾಲೆಯಲ್ಲಿ ಇಳಿಸಿದ. ಜೊತೆಗೆ ಒಂದು ಬುಟ್ಟಿ ಕಲ್ಲು. ಸಿಮೆಂಟಿನಲ್ಲಿ ಮಾಡಿ, ಅವನ ತೊಟ್ಟಿಗಳಲ್ಲೇ ಬಹಳ ದಿನ ಮುಳುಗಿಸಿಟ್ಟ ಕಲ್ಲು. ಮೈತುಂಬ ತೂತು. ಆ ತೂತುಗಳಲ್ಲಿ ಕಣ್ಣಿಗೆ ಕಾಣದ ಜೀವಗಳು ಕೂತು ನೀರನ್ನು ಶುದ್ಧ ಮಾಡುತ್ತವೆ. ಅದಕ್ಕೇ ಅದು ಜೀವದ ಕಲ್ಲು.

ಕೊನೆಯಲ್ಲಿ ಅಂಗೈಯಗಲದ ಒಂದು ಹವಳ ತೆಗೆದ. ಅಂಗಿ ಗುಂಡಿಯಷ್ಟಷ್ಟೇ ಇರುವ ಹೂಗಳು ಒತ್ತೊತ್ತಾಗಿ ಅರಳಿದಂತೆ, ಕಿತ್ತಳೆ ಬಣ್ಣ, ಸುತ್ತ ಹಸಿರು ಅಂಚು.

“ಸಮುದ್ರದಿಂದ ಕಿತ್ತದ್ದಲ್ಲ ಅಣ್ಣ, ತೊಟ್ಟೀಲೇ ಬೆಳೆಸಿದ್ದು. ಈ ಬಣ್ಣದ್ದು ನನ್ನತ್ರ ಇದೊಂದೇ ಇರೋದು. ಬಿತ್ತನೆ ಕೊಟ್ಟಂಗೆ ಕೊಡ್ತಾ ಇವ್ನಿ. ಬೆಳೆದ್ಮೇಲೆ ನಂಗೆ ಎರಡು ತುಂಡು ಕೊಡಿ. ಕಲ್ಲ ಸಡಿಲವಾಗಿ ಜೋಡ್ಸಿ, ಈ ಜಾಲರಿ ಹಲಗೇನ ಮೇಲೆ ಕೂರ್ಸಿ, ಅಷ್ಟೆ.”

ಹೊನ್ನಯ್ಯ ಎಲ್ಲಕ್ಕೂ ತಲೆಯಾಡಿಸಿದರು. ಆಮೇಲೆ ತಮಗೆ ಗೊತ್ತಿದ್ದಂತೆ ಮಾಡಿದರು.

ಹಿಂಬದಿಯ ಗಾಜಿಗೆ ಒತ್ತಿ ಕಲ್ಲನ್ನು ಗದ್ದೆಯ ಬದುವಿನ ಹಾಗೆ ಬಿಗಿಯಾಗಿ ಕಟ್ಟಿದರು. ಕಲ್ಲಿನ ತೂತುಗಳನ್ನು ನೋಡಿ ಅವರ ಜೀವ ತಡೆಯಲಿಲ್ಲ. ಭತ್ತ ಬೆಳೆಯುವವರಿಗೆ ಬದುವಿನಲ್ಲಿ ತೂತು ಎಂದರೆ ಏಡಿಯ ಬಿಲ; ಬೆಳಗಾಗುವುದರೊಳಗೆ ನೀರೆಲ್ಲ ಪಕ್ಕದವನ ಗದ್ದೆಗೆ. ನಡೆಯುತ್ತಾ ನಡೆಯುತ್ತಾ ಹಿಮ್ಮಡಿಯಲ್ಲಿ ತುಳಿದು ಮುಚ್ಚಿ ಅಭ್ಯಾಸ. ಒಂದೊಂದು ತೂತಿಗೂ ಚಕ್ಕೆ ತುರುಕಿ, ರಿಯಾಜ್ ಕೊಟ್ಟಿದ್ದ ಅಂಟು ಮೆತ್ತಿದರು. ಜಾಲರಿ ಹಲಗೆಯನ್ನು ಎತ್ತಿ ನೋಡಿ, “ಇದೇನು ಶ್ಯಾವ್ಗೆ ಒಣಾಕದಾ?” ಎಂದು ಮೂಲೆಗಿಟ್ಟರು. ಅಡುಗೆಮನೆಯ ಗೂಡಿಗೆ ಹಾಕಿ ಉಳಿದಿದ್ದ ಕಡಪ ಕಲ್ಲಿನ ಚಪ್ಪಡಿಗಳನ್ನು ತೊಳೆದು ತಂದು ಎರಡು ಮೆಟ್ಟಿಲು ಮಾಡಿದರು. ಮೇಲಿನ ಮೆಟ್ಟಿಲಿನಲ್ಲಿ ತಾಯಿ ಹವಳ. ನೋಡಲು ಒಂದು ಪುಟ್ಟ ಕೊತ್ತತ್ತಿಯೇ ನೀರಿನಲ್ಲಿ ಮುಳುಗಿದಂತಿತ್ತು. ಬೀದಿಯವರೆಲ್ಲ ಬಂದು ನೋಡಿ ಕಾಫಿ ಕುಡಿದು ಹೋದರು.

ಹೆಂಡತಿ ಯಶೋದಮ್ಮ ಲೋಟ ತೊಳೆಯುತ್ತಾ ಗೊಣಗಿದರು. “ನಿಮ್ಗೆ ಬೀಪಿ ಅಂತ ನಾನು ಉಪ್ಪಿಲ್ದೆ ಸಾರು ಮಾಡ್ತೀನಿ. ಇಲ್ಲಿ ನೀವು ಸೇರುಗಟ್ಲೆ ಉಪ್ಪು ಸುರೀತಿದ್ದೀರಿ.”

“ನಾನೇನು ಕುಡೀತೀನಾ ಅದ್ನ?”

“ಕುಡಿಯೋರಂಗೇ ಕೂತವ್ರೆ, ಮೂತಿ ಇಟ್ಕೊಂಡು.”

ಹವಳ ಕೆಲವು ವಾರ ಚೆನ್ನಾಗಿಯೇ ಇತ್ತು. ಆಮೇಲೆ ಒಂದೊಂದೇ ಹೂ ಮುಷ್ಟಿ ಹಿಡಿದಂತೆ ಮುಚ್ಚಿಕೊಳ್ಳತೊಡಗಿತು. ಒಂದು ಅಂಚು ಕರಗಿ ಬೂದು ಬಣ್ಣಕ್ಕೆ ತಿರುಗಿತು. ವಿಡಿಯೊ ಕಾಲ್‌ನಲ್ಲಿ ನೋಡಿದ ರಿಯಾಜ್ ಫೋನನ್ನು ಇನ್ನೂ ಹತ್ತಿರ ಹಿಡಿಯಲು ಹೇಳಿದ.

“ಅಣ್ಣ, ಬೇಜಾರ್ ಮಾಡ್ಕೋಬ್ಯಾಡಿ. ಭಾನ್ವಾರ ಬಂದು ತಗೊಂಡ್ ಓಯ್ತೀನಿ. ಇದು ಓದ್ರೆ ಈ ಜಾತಿನೇ ಇಲ್ಲ ನನ್ನತ್ರ.”

ಫಾರಂನಲ್ಲಿ ಇದ್ದಷ್ಟು ಕಾಲ ಹೊನ್ನಯ್ಯನ ಕೈಗೆ ಕೊಟ್ಟ ತಾಯಿ ಗಿಡವನ್ನು ಯಾರೂ ವಾಪಸ್ ಕೇಳಿದವರಿಲ್ಲ. ಆ ದಿನ ಅವರು ಅರ್ಧ ಮುದ್ದೆ ಬಿಟ್ಟು ಎದ್ದರು. ಯಶೋದಮ್ಮ ಸಾರಿಗೆ ಒಂದು ಚಿಟಿಕೆ ಉಪ್ಪು ಹೆಚ್ಚಾಗಿಯೇ ಹಾಕಿದ್ದರು, ಅದೂ ಗೊತ್ತಾಗಲಿಲ್ಲ ಇವರಿಗೆ.

ಮಾರನೆಯ ಬೆಳಿಗ್ಗೆ, ಅದೇ ನಾಲೆಗೆ ನೀರು ಬಂದ ದಿನ, ಬದುವಿನ ಸಂದಿಯಿಂದ ಎರಡು ಪುಟ್ಟ ಕೊಂಡಿ ಹೊರಗೆ ಚಾಚಿ ಒಳಗೆ ಹೋದವು. ರಿಯಾಜನ ಕಲ್ಲಿನ ಜೊತೆಯಲ್ಲೇ ಬಂದಿರಬೇಕು.

“ಸಿಕ್ದ ಕಳ್ಳ. ಏಡಿ ಕಣಮ್ಮಿ, ಏಡಿ. ಇದೇ ತಿಂತಿರೋದು.”

“ದೊಡ್ಡದಾ? ಸಾರಿಗಾಯ್ತದಾ?” ಒಳಗಿನಿಂದ ಯಶೋದಮ್ಮ.

“ಉಗುರಷ್ಟದೆ.”

“ಹಂಗಾದ್ರೆ ನೀವೇ ಇಟ್ಕೊಳ್ಳಿ.”

ಹೊನ್ನಯ್ಯ ತಾಯಿ ಹವಳವನ್ನು ತೊಟ್ಟಿಯ ನೀರಿನ ಸಮೇತ ಬಕೆಟ್ಟಿಗೆ ಇಳಿಸಿ, ಬದುವನ್ನು ಕಿತ್ತರು. ಹಿಂದೆ, ಗಾಜಿನ ಬುಡದಲ್ಲಿ, ಬೆರಳುದ್ದ ಕಪ್ಪು ಕೆಸರು ಕೂತಿತ್ತು. ಮೋರಿಯ ವಾಸನೆ. ಯಶೋದಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ಪೈಪು ಹಿಡಿದರು. ಕೆಸರನ್ನೆಲ್ಲ ಹೊರಗೆಳೆದು, ಡ್ರಮ್ಮಿನಲ್ಲಿ ಕಲಸಿಟ್ಟಿದ್ದ ಹೊಸ ಉಪ್ಪುನೀರು ತುಂಬಿದರು. ಏಡಿ ಸಿಗಲಿಲ್ಲ. ಯಾವ ತೂತಿನಲ್ಲಿ ಅಡಗಿದೆಯೋ ಎಂದು ಹೊನ್ನಯ್ಯ ಸ್ಕ್ರೂಡ್ರೈವರ್ ತಂದು ತಾವೇ ತುರುಕಿದ್ದ ಚಕ್ಕೆಗಳನ್ನು ಒಂದೊಂದಾಗಿ ಎಬ್ಬಿಸಿದರು. ಅಡಿಯಲ್ಲಿ ಅವಿತುಕೊಳ್ಳುತ್ತದೆಂದು ಕಡಪ ಚಪ್ಪಡಿಗಳನ್ನು ಎತ್ತಿ ಅಂಗಳಕ್ಕೆ ಹಾಕಿದರು. ಯಾವ ಕಡೆಯಿಂದ ಬಗ್ಗಿದರೂ ಕಾಣಲಿ ಎಂದು ಕಲ್ಲನ್ನು ಎರಡು ಕಾಲು, ಮೇಲೊಂದು ಅಡ್ಡ ಎಂಬಂತೆ ಬಿಡಿಬಿಡಿಯಾಗಿ ನಿಲ್ಲಿಸಿದರು. ಹವಳವನ್ನು ರಿಯಾಜನ ಜಾಲರಿಯ ಮೇಲೆ ಕೂರಿಸಿದರು, ಕೆಳಗಿನಿಂದಲೂ ಕಾವಲು ಕಾಯಬಹುದೆಂದು.

ಭಾನುವಾರ ರಿಯಾಜ್ ಥರ್ಮಾಕೋಲ್ ಪೆಟ್ಟಿಗೆ ಹಿಡಿದು ಒಳಗೆ ಬಂದವನು, ಪೆಟ್ಟಿಗೆಯನ್ನು ಬಾಗಿಲ ಹತ್ತಿರವೇ ಇಟ್ಟುಬಿಟ್ಟ. ಹೂಗಳು ಮುಕ್ಕಾಲು ಪಾಲು ಅರಳಿದ್ದವು. ಕಲ್ಲುಗಳ ನಡುವೆ ನೀರು ಸುತ್ತಿ ಬರುವಾಗ ಅವುಗಳ ಹಸಿರು ಅಂಚು ಸಣ್ಣಗೆ ಅಲುಗುತ್ತಿತ್ತು.

“ಈಗ ನೀರು ಓಡಾಡ್ತಾ ಅದೆ. ಯಾರು ಏಳಿಕೊಟ್ರು ಅಣ್ಣ, ಇಂಗೆ ಜೋಡ್ಸಕ್ಕೆ?”

ಹೊನ್ನಯ್ಯ ಗಂಟಲು ಸರಿಮಾಡಿಕೊಂಡರು.

“ಏಡಿ,” ಎಂದರು ಯಶೋದಮ್ಮ.

ಕತೆ ಕೇಳಿ ರಿಯಾಜ್ ಗೋಡೆಗೊರಗಿ ನಕ್ಕ. ಆ ಜಾತಿ ಏಡಿ ಹವಳ ಮುಟ್ಟುವುದೇ ಇಲ್ಲ, ಪಾಚಿ ತಿಂದುಕೊಂಡಿರುತ್ತದೆ ಎಂದ. ಆಮೇಲೆ ಬಗ್ಗಿ ಕರಗಿದ ಅಂಚನ್ನು ನೋಡಿದ.

“ಇನ್ನು ನಾನ್ಯಾಕೆ ತಗೊಂಡೋಗ್ಲಿ, ಇಲ್ಲೇ ಇರ್ಲಿ. ಆದ್ರೆ ಈ ಕೊಳೆತ ಭಾಗ ಕುಯ್ದು ತೆಗೀಬೇಕು. ಇಲ್ದಿದ್ರೆ ಹಬ್ತದೆ.”

ಹೊನ್ನಯ್ಯನ ಬೆನ್ನು ನೆಟ್ಟಗಾಯಿತು. “ಕುಯ್ಯೋದಾ?”

“ಊಂ. ಕೈಗೆ ಗ್ಲೌಸ್ ಹಾಕ್ಕಳಿ, ಅದರ ರಸ ವಿಸ.”

“ಗ್ಲೌಸೂ ಅದೆ, ಕಸಿ ಚಾಕೂ ಅದೆ,” ಎನ್ನುತ್ತಾ ಹೊನ್ನಯ್ಯ ಆಗಲೇ ಹಿತ್ತಲ ಕಡೆ ಹೊರಟಿದ್ದರು, “ನೀನು ಬಕೆಟ್ಗೆ ನೀರು ತುಂಬ್ಸು, ಅಂಚು ತೆಗೆದ್ಮೇಲೆ ಹೆಂಗಿದ್ರೂ ಚಾಕು ಕೈಲಿರ್ತದೆ, ಒಳ್ಳೆ ಕಡೆಯಿಂದ್ಲೂ ನಿಂಗೆ ಎರಡು, ಆಮೇಲೆ ನಂಗೊಂದತ್ತು.”