ಬೀಸುವ ಕಲ್ಲಿನ ಗೂಟ

ನಮ್ಮ ಓಣಿಯ ಸೂಲಗಿತ್ತಿಯ ಸೊಂಟದಲ್ಲಿ ಸದಾ ಒಂದೆರಡು ಮರದ ಗೂಟಗಳು ಸಿಕ್ಕಿಕೊಂಡಿರುತ್ತಿದ್ದವು. ಕೈಬೆವರು ಹಿಡಿದು ಕಪ್ಪಾದ ಗೂಟಗಳು. ನಡೆದರೆ ಒಂದಕ್ಕೊಂದು ಬಡಿಯುತ್ತಿದ್ದವು. ಅವು ಹೆರಿಗೆಯಾದ ಮನೆಗಳ ಬೀಸುವ ಕಲ್ಲಿನ ಹಿಡಿಗಳು. ಹೊಕ್ಕುಳಬಳ್ಳಿ ಕೊಯ್ದು ಕೈ ತೊಳೆದವಳೇ ಅವಳು ಆ ಮನೆಯ ಗೂಟ ಕಿತ್ತುಕೊಳ್ಳುತ್ತಿದ್ದಳು. ಹಿಂದಿರುಗಿಸುವುದು ನಲವತ್ತನೆಯ ದಿನ. ಅಲ್ಲಿಯವರೆಗೆ ಮನೆಯವರು ಜೋಳ ಬೀಸಲು ಪಕ್ಕದ ಮನೆಗೆ ಹೋಗಬೇಕು. ಬಾಣಂತಿ ಹೊಸ್ತಿಲು ದಾಟುವಂತಿಲ್ಲ.

“ಮೈಲಿಗಿ ಅಂತ ನೀವೇ ಹೇಳ್ತೀರಿ. ಛಲೋ ಆಯ್ತು, ಮಲಗ್ಲಿ,” ಎನ್ನುತ್ತಿದ್ದಳು.

ಹೊಸ ಗೂಟ ಹಾಕಿಸಿದ ಮನೆಗೆ ಮುಂದಿನ ಹೆರಿಗೆಗೆ ಅವಳು ಬರುತ್ತಿರಲಿಲ್ಲ. ಆ ಹೆದರಿಕೆಗೆ ಯಾರೂ ಹಾಕಿಸುತ್ತಿರಲಿಲ್ಲ. ದಿನಾ ಬಂದು ಎಣ್ಣೆ ತಿಕ್ಕಿ, ಸುಡುನೀರು ಎರೆದು, ಹೊಟ್ಟೆಗೆ ಹಳೆಯ ಸೀರೆ ಬಿಗಿದು ಕಟ್ಟಿ, ಬಾಣಂತಿ ಉಣ್ಣುವುದನ್ನು ಎದುರು ಕೂತು ನೋಡಿಯೇ ಹೋಗುತ್ತಿದ್ದಳು.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಅವ್ವ ನಾಲ್ಕನೆಯ ಹೆಣ್ಣು ಹೆತ್ತಳು. ನನಗಾಗ ಹದಿಮೂರು. ಹನ್ನೆರಡನೆಯ ದಿನ ಅಜ್ಜಿ ನನ್ನನ್ನು ಕರೆದಳು.

“ಮತ್ತ ಹೆಣ್ಣೇ ಹಡದಾಳ. ಅದಕ್ಕ ನಲವತ್ತು ದಿನ ಯಾಕ? ಅವ್ವ ಮಳಖೇಡಕ್ಕ ತವರಮನಿಗಿ ಹೋದ್ಳು ಅಂತ ಹೇಳಿ ಗೂಟ ಇಸ್ಕೊಂಡು ಬಾ.”

ಹೋಗಿ ಹಾಗೆಯೇ ಹೇಳಿದೆ. ಸೂಲಗಿತ್ತಿಯ ಮುಖ ಅರಳಿತು. “ಛಲೋ ಆಯ್ತವ್ವಾ. ಅಲ್ಲಿ ಆಕಿ ತಾಯಿ ಅದಾಳ,” ಎಂದು ಗೂಟ ಕೊಟ್ಟಳು. ಎರೆಯಲು ಬರುವುದನ್ನೂ ನಿಲ್ಲಿಸಿದಳು.

ಎಂಟು ದಿನ ಅವ್ವ ಬೀಸಿದಳು. ಒಂಬತ್ತನೆಯ ಬೆಳಗ್ಗೆ ಓಣಿಯಲ್ಲಿ ಹೊರಟಿದ್ದ ಸೂಲಗಿತ್ತಿ ಕಲ್ಲಿನ ಸದ್ದಿನ ನಡುವೆ ಅವ್ವನ ನರಳಾಟ ಕೇಳಿ ಒಳಗೆ ಬಂದಳು. ಅವ್ವನಿಗೆ ಏಳಲಾಗಲಿಲ್ಲ. ಗರ್ಭಕೋಶ ಕೆಳಗೆ ಜಾರಿತ್ತು.

ಅಪ್ಪನಿಗೆ ಶಹಾಬಾದಿನಲ್ಲಿ ಫರಸಿಯ, ಅಂದರೆ ನೆಲಹಾಸು ಕಲ್ಲಿನ, ಗಣಿ ಇತ್ತು. ಸೂಲಗಿತ್ತಿ ಅಂಗಳದಲ್ಲಿ ನಿಂತು ಅವರನ್ನೇ ಕೇಳಿದಳು: “ಧಣೇರ, ಫರಸಿ ಮುಕ್ಕಾಗ್ತದ ಅಂತ ಗಾಡ್ಯಾಗ ಹುಲ್ಲು ಹಾಸಿ ಇಡ್ತೀರಿ. ಹಡದಾಕಿಗಿ ಅಷ್ಟೂ ಇಲ್ಲೇನ್ರಿ?”

ಅಪ್ಪ ಪೇಟ ಸುತ್ತಿಕೊಳ್ಳುತ್ತಲೇ ಇದ್ದರು.

“ನಾ ಏಳು ಹಡದೀನಿ. ಸತ್ತೀನೇನು?” ಎಂದಳು ಅಜ್ಜಿ.

“ನೀ ಸಾಯ್ಲಿಲ್ಲ ಯಕ್ಕಾ. ಅದಕ್ಕ ಸೊಸಿ ಸಾಯ್ಲಿ ಅಂತೀಯೇನು?”

ಸೂಲಗಿತ್ತಿ ನನ್ನನ್ನು ಬಯ್ಯಲಿಲ್ಲ. ಗದ್ದ ಹಿಡಿದೆತ್ತಿದಳು. “ನೀನೂ ಒಂದಿನ ಹಡೀತಿ. ಆವತ್ತು ಗೂಟ ಯಾರ ಕೈಯಾಗ ಇರಬೇಕು?”

ಅವ್ವ ಇಂದಿಗೂ ತುಂಬಿದ ಕೊಡ ಎತ್ತಲಾರಳು; ಸೀನಲು ಹೆದರುತ್ತಾಳೆ. ಮನೆಯಲ್ಲಿ ಅದಕ್ಕೆ ಹಣೆಬರಹ ಎನ್ನುತ್ತಾರೆ. ಹಣೆಯಲ್ಲಿ ಯಾರೂ ಏನೂ ಬರೆದಿರಲಿಲ್ಲ. ಅಜ್ಜಿ ಹೇಳಿದಳು, ಅಪ್ಪ ಸುಮ್ಮನಿದ್ದರು, ನಾನು ಹೋಗಿ ತಂದೆ.

ಈ ಸಲ ನಾನು ಹೈದರಾಬಾದಿನಿಂದ ಕಾಲೇಜಿನ ರಜೆಗೆ ಬಂದ ದಿನವೇ ಸೂಲಗಿತ್ತಿ ತೀರಿಕೊಂಡಳು. ನಾನು ನೋಡಲು ಹೋದಾಗ ಹೆಣ ಇನ್ನೂ ಅವಳ ಅಂಗಳದಲ್ಲಿತ್ತು. ನಮ್ಮೆದುರು ಮನೆಯ ಹೆಂಗಸು ಒಳಗೆ ನುಗ್ಗಿ ಗೂಡುಗಳಲ್ಲಿ ತಡಕತೊಡಗಿದಳು. ಅವಳ ಸೊಸೆ ಹೆತ್ತು ಇಪ್ಪತ್ತೆರಡು ದಿನ.

“ನಮ್ಮ ಗೂಟ ಎಲ್ಲದ? ಇನ್ನ ಕೇಳಾವ್ರು ಯಾರದಾರ?”

ಗೂಟ ಸೂಲಗಿತ್ತಿಯ ಹಾಸಿಗೆಯ ತಲೆದೆಸೆಯಲ್ಲಿತ್ತು. ನಾನು ಎತ್ತಿಕೊಂಡೆ.

“ಇನ್ನೂ ಹದಿನೆಂಟು ದಿನ ಅದಾವ್ರಿ ಅತ್ತಿ.”

“ಓದಾಕಿ ನೀ. ನಿನಗ್ಯಾಕ ಈ ಉಸಾಬರಿ?”

ಗೂಟ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ. ಗೂಟ ನನ್ನ ಪೆಟ್ಟಿಗೆಯಲ್ಲಿದೆ. ಹೊಸದು ಮಾಡಿಕೊಡಬೇಡ ಎಂದು ಬಡಗಿಗೂ ಹೇಳಿ ಬಂದಿದ್ದೇನೆ. ಕಾಲೇಜು ಹತ್ತು ದಿನದಲ್ಲಿ ಶುರುವಾಗುತ್ತದೆ. ನಾನು ಹದಿನೆಂಟು ದಿನ ಇದ್ದು ಹೋಗುತ್ತೇನೆ. ಬೆಳಗ್ಗೆ ಬಾಗಿಲು ತೆರೆದು ಎದುರು ಮನೆಯತ್ತ ಕಿವಿಗೊಡುತ್ತೇನೆ. ಕಲ್ಲು ಸುಮ್ಮನಿದೆ.