ಹಿಂದಿನ ಸೀಟಿನಿಂದ ಕೇಳಿದ ವೋಲ್ಟೇಜು

ನಮ್ಮ ಮನೆಯ ಮೋಟಾರ್ ಸೈಕಲ್ಲಿಗೆ ಮೊದಲು ಗಂಟಲು ಕಟ್ಟಿತು. ಹಾರ್ನ್ ಒತ್ತಿದರೆ ನೆಗಡಿಯಾದವರ ಹಾಗೆ ಸಣ್ಣಗೆ ನರಳಿತು. ಆಮೇಲೆ ಇಂಡಿಕೇಟರ್ ಮಂಕಾಯಿತು. ಕಡೆಗೆ ಒಂದು ಬೆಳಿಗ್ಗೆ ಸೆಲ್ಫ್ ಗುಂಡಿ ಒತ್ತಿದರೆ ‘ಟಕ್’ ಅಂದು ಸುಮ್ಮನಾಗಿಬಿಟ್ಟಿತು. ಬಳ್ಳಾರಿಯಿಂದ ಸಿರುಗುಪ್ಪದ ಹೈಸ್ಕೂಲಿಗೆ ದಿನವೂ ಅದರ ಮೇಲೆ ಹೋಗಿ ಬರುವ ವಿಜ್ಞಾನದ ಟೀಚರ್ ನಾನು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಸೀರೆ ಎತ್ತಿ ಕಟ್ಟಿಕೊಂಡು ನಾನು ಕಿಕ್ ಹೊಡೆದ ಹೊಡೆತಕ್ಕೆ ಬೀದಿಯವರೆಲ್ಲ ಬಾಗಿಲಿಗೆ ಬಂದರು.

ಗಾಡಿ ನನ್ನ ಮಾವನವರದು. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಭತ್ತದ ತೂಕ ನೋಡಿಕೊಳ್ಳುತ್ತಿದ್ದವರು ಅವರು. ಕೆಲಸ ಇರುವಷ್ಟು ಕಾಲವೂ ಇದೇ ದಾರಿಯಲ್ಲಿ ಓಡಾಡಿದವರು. ಬಲಗೈ ನಡುಗಲು ಶುರುವಾದಾಗ ಕೀಲಿಯನ್ನು ಮಗನಿಗೆ ಕೊಡಲಿಲ್ಲ, ನನ್ನನ್ನು ಕರೆದು ಕೊಟ್ಟರು.

“ಅವ ಕಾರಿನ್ಯಾಗ ತಿರುಗೋನು. ನೀ ದಿನಾ ಆ ದಾರಿಗೆ ಹೋಗಾಕಿ. ನಿನ್ನ ಹತ್ರ ಇರಲಿ,” ಎಂದರು.

ಅಲ್ಲಿಂದ ಮುಂದೆ ಅವರು ಆ ಗಾಡಿ ಹತ್ತಲಿಲ್ಲ. ಬರ್ರಿ ಮಾವಾರ, ಹಿಂದ ಕುಂದರ್ರಿ ಎಂದು ಎಷ್ಟೋ ಸಲ ಕರೆದಿದ್ದೇನೆ. “ಹಿಂದ ಕುಂದ್ರಾಕ ನಾನೇನು ಭತ್ತದ ಚೀಲಾನ?” ಎಂದು ಕೇಳುತ್ತಿದ್ದರು. ಬಸ್ಸು ಅವರಿಗೆ ಮೊದಲೇ ಆಗದು. ಹೀಗಾಗಿ ಸಿರುಗುಪ್ಪ ಅವರ ಪಾಲಿಗೆ ನಾನು ಸಂಜೆ ಬಂದು ಹೇಳುವ ಸುದ್ದಿಯಾಗಿ ಉಳಿಯಿತು. ಈಗ ಯಾವ ಗದ್ದೆ ಕೊಯ್ಲಿಗೆ ಬಂದಿದೆ, ಕಾಲುವೆಯಲ್ಲಿ ನೀರೆಷ್ಟಿದೆ, ಎಲ್ಲ ಕೇಳಿಸಿಕೊಂಡು “ಹೂಂ” ಅನ್ನುತ್ತಿದ್ದರು.

ಗಾಡಿಯ ಜೊತೆ ಅವರಿಗೆ ಉಳಿದಿದ್ದ ನಂಟು ಒಂದೇ, ಬೆಳಗಿನ ಸ್ನಾನ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತಿಗೆ ಅಂಗಳದಲ್ಲಿ ತಂಬಿಗೆಯ ಸದ್ದು ಕೇಳುತ್ತಿತ್ತು. ಸೀಟಿನ ಮೇಲೆ, ಟ್ಯಾಂಕಿನ ಮೇಲೆ, ಎಂಜಿನ್ನಿನ ಮೇಲೆ ತಂಬಿಗೆ ತಂಬಿಗೆ ನೀರು ಹಾಕಿ, ಎಡಗೈಯಿಂದ ಒರೆಸಿ, ಹೆಡ್‌ಲೈಟಿನ ಹಣೆಗೆ ವಿಭೂತಿ ಎಳೆಯುತ್ತಿದ್ದರು. ಶಾಲೆಯಲ್ಲಿ ನನ್ನ ಜೊತೆಯವರಿಗೆ ಅದೊಂದು ತಮಾಷೆ. “ಟೀಚರ್, ನಿಮ್ಮ ಗಾಡಿ ಹಲಕುಂದಿ ಮಠಕ್ಕ ಹೋಗೂದು ಬಿಟ್ಟು ದಾರಿ ತಪ್ಪಿ ಇಲ್ಲಿಗೆ ಬಂದೈತಿ ನೋಡ್ರಿ,” ಎಂದು ನಗುತ್ತಿದ್ದರು.

ಗ್ಯಾರೇಜಿನಲ್ಲಿ ಬ್ಯಾಟರಿ ಹೋಗಿದೆ ಎಂದು ಹೊಸದು ಹಾಕಿದರು. ಕೆಲವು ದಿನ ಹಾರ್ನ್ ಜೋರಾಗಿ ಕೂಗಿತು. ಆಮೇಲೆ ಮತ್ತೆ ಅದೇ ನೆಗಡಿ, ಅದೇ ‘ಟಕ್’. ನನ್ನ ಗಂಡನಿಗೆ ತಾಳ್ಮೆ ನನಗಿಂತ ಕಡಿಮೆ. ರಾತ್ರಿ ಊಟಕ್ಕೆ ಕೂತಾಗ ತೀರ್ಮಾನ ಹೇಳಿಬಿಟ್ಟರು.

“ಭಾನುವಾರ ಸಂಜಿಗೆ ಕುಡತಿನಿಯಿಂದ ಒಬ್ರು ಗಾಡಿ ನೋಡಾಕ ಬರ್ತಾರ. ಅಷ್ಟರಾಗ ಸರಿ ಆತಂದ್ರ ಇಟ್ಕೊಳ್ಳೂಣು. ಇಲ್ಲಂದ್ರ ಕೊಟ್ಟುಬಿಡೂದು. ನೀ ಒಂದು ಸ್ಕೂಟರ್ ತಗೋ.”

ಮಾವ ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದು ಕೈತೊಳೆದರು. ಈ ಗಾಡಿ ಹೋದರೆ ಅವರಿಗೆ ಬೆಳಗಾಗುವುದು ಯಾತಕ್ಕೆ ಎಂದು ಅನ್ನಿಸಿತು. ಭಾನುವಾರದೊಳಗೆ ದೋಷ ಹುಡುಕಲೇಬೇಕೆಂದು ಹಟ ಬಂತು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಪ್ರಯೋಗಾಲಯದ ವೋಲ್ಟ್ ಮೀಟರನ್ನು ಕೇಳಿಕೊಂಡು ತಂದೆ. ಅಂಗಳದ ಬೇವಿನ ನೆರಳಲ್ಲಿ ಗಾಡಿ ನಿಲ್ಲಿಸಿ ಸೀಟು ಬಿಚ್ಚಿದೆ. ಮಾವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಬಿಸಿಲು ಬಳ್ಳಾರಿಯದ್ದೇ ಆದರೂ ಕಾರ್ತಿಕದ್ದು, ಮೈಮೇಲೆ ಬಿದ್ದರೆ ಜೊಂಪು ಹತ್ತುವಂಥದ್ದು. ವಿದ್ಯುತ್ತು ಕಣ್ಣಿಗೆ ಕಾಣುವುದಿಲ್ಲ, ಇದೆ ಎಂದು ನಂಬಿಕೊಂಡೇ ಅದರ ಹಿಂದೆ ಹೋಗಬೇಕು. ಆ ಮಧ್ಯಾಹ್ನ ನಾನು ಯಾರದೋ ಮನೆಯ ಕತ್ತಲ ಕೋಣೆಗಳಲ್ಲಿ ಗೋಡೆ ಸವರುತ್ತ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು.

ಎಂಜಿನ್ ಓಡುವಾಗ ಬ್ಯಾಟರಿಯ ಅಳತೆ ಹದಿನಾಲ್ಕು ವೋಲ್ಟಿನ ಹತ್ತಿರಕ್ಕೆ ಏರಬೇಕು. ಕಿಕ್ ಹೊಡೆದು ಎಕ್ಸಲರೇಟರ್ ತಿರುವಿದರೆ ನಮ್ಮದು ಹನ್ನೆರಡರಲ್ಲೇ ನಿಂತು ಮೆಲ್ಲಗೆ ಕೆಳಗೆ ಜಾರಿತು. ಅಂದರೆ ಬ್ಯಾಟರಿಯದು ತಪ್ಪಿಲ್ಲ, ಅದಕ್ಕೆ ಬರಬೇಕಾದದ್ದು ಬರುತ್ತಿಲ್ಲ. ಎಂಜಿನ್ನಿನ ಹೊಟ್ಟೆಯಲ್ಲಿ ಕರೆಂಟು ಹುಟ್ಟಿಸುವ ಸುರುಳಿ ಇರುತ್ತದೆ, ಅದರಿಂದ ಮೂರು ಹಳದಿ ತಂತಿ ಹೊರಗೆ ಬರುತ್ತವೆ. ಅವನ್ನು ಎರಡೆರಡಾಗಿ ಅಳೆದೆ. ಮೂರೂ ಜೋಡಿ ಸಮನಾಗಿ ಏರಿದವು. ಸುರುಳಿ ಗಟ್ಟಿಯಾಗಿತ್ತು. ಹಾಗಾದರೆ ಹುಟ್ಟಿದ ಕರೆಂಟು ಬ್ಯಾಟರಿಗೆ ಹೋಗುವ ದಾರಿಯಲ್ಲೇ ಎಲ್ಲೋ ಕಳೆದುಹೋಗುತ್ತಿದೆ.

ಅಳೆಯುವುದಕ್ಕೆಂದು ಬಿಚ್ಚಿದ್ದ ಕಪ್ಲರನ್ನು, ಅಂದರೆ ಆ ತಂತಿಗಳು ಕೂಡುವ ಪ್ಲಾಸ್ಟಿಕ್ ಗೂಡನ್ನು, ಆಗ ತಿರುಗಿಸಿ ನೋಡಿದೆ. ಅದರೊಳಗಿನಿಂದ ನನ್ನ ಅಂಗೈಗೆ ಹನಿ ನೀರು ಬಿತ್ತು. ಒಂದು ಪಿನ್ನು ಹಸಿರಾಗಿ ಕಿಲುಬು ಹಿಡಿದಿತ್ತು. ಸುತ್ತಲಿನ ಬಿಳಿ ಪ್ಲಾಸ್ಟಿಕ್ಕು ಕಾವಿಗೆ ಕಂದಿತ್ತು. ಸೀಟಿನ ಅಂಚಿನಿಂದ ನೀರು ಇಳಿದರೆ ನೇರ ಅದರ ಮೇಲೆಯೇ ಇಳಿಯುವ ಹಾಗಿತ್ತು ಆ ಜಾಗ.

“ಏನವ್ವ ಅದು, ಹಸರು?” ಮಾವ ಕಟ್ಟೆಯಿಂದ ಇಳಿದು ಬಂದರು.

“ಕಿಲುಬು ರೀ ಮಾವಾರ.”

“ಹೆಂಗ ಹಿಡೀತು?”

ಮಳೆ ನೀರು ಎನ್ನೋಣವೆಂದರೆ ಬಳ್ಳಾರಿಯಲ್ಲಿ ಆ ಸುಳ್ಳು ನಿಲ್ಲುವುದಿಲ್ಲ. “ನೀವು ದಿನಾ ಹಾಕೂ ನೀರು ರೀ,” ಎಂದೆ.

ಅವರು ಬಗ್ಗಿ ಆ ಹಸಿರನ್ನು ನೋಡಿದರು. ಆಮೇಲೆ “ತಂಪಿರಲಿ ಅಂತ ಹಾಕ್ತಿದ್ದೆ ಯವ್ವಾ,” ಎಂದರು. ಸಣ್ಣ ಉಪ್ಪುಕಾಗದ ತರ್ರಿ ಅಂದೆ. ತಂದುಕೊಟ್ಟರು. ಪಿನ್ನು ಉಜ್ಜಿ, ಒಣಗಿಸಿ, ಬಿಗಿ ಮಾಡಿ, ಗ್ರೀಸ್ ಸವರಿ ಕೂಡಿಸಿದೆ. ಎಂಜಿನ್ ಓಡಿಸಿದರೆ ಮೀಟರಿನ ಅಂಕಿ ಹನ್ನೆರಡು ದಾಟಿತು, ಹದಿಮೂರು ದಾಟಿತು, ಹದಿನಾಲ್ಕಕ್ಕೆ ಬಂದು ನಿಂತಿತು.

ಆದರೆ ನಿಂತ ಗಾಡಿಯ ಮಾತು ನಂಬುವ ಹಾಗಿಲ್ಲ. ಕಂದಿದ ಗೂಡು ಕಾವಿಗೂ ಕುಲುಕಾಟಕ್ಕೂ ತಡೆಯುತ್ತದೋ ಇಲ್ಲವೋ ರಸ್ತೆಯಲ್ಲೇ ನೋಡಬೇಕು. ಅದಕ್ಕೆ ಹಿಂದೆ ಕೂತು ಮೀಟರ್ ಓದುವವರು ಬೇಕು. ನನ್ನ ಗಂಡ ಭಾನುವಾರ ಬಿಸಿಲೇರುವವರೆಗೂ ಏಳುವ ಪೈಕಿ ಅಲ್ಲ. ಬೆಳಿಗ್ಗೆ ಮಾವನವರನ್ನೇ ಕೇಳಿದೆ.

“ಹಿಂದ ಕುಂದ್ರಬೇಕಾ?”

“ಕುಂದ್ರಾಕಲ್ಲ ರೀ, ಓದಾಕ.”

ಅವರು ಒಳಗೆ ಹೋದರು. ಬರುವುದಿಲ್ಲವೇನೋ ಅಂದುಕೊಂಡೆ. ಕನ್ನಡಕ ಹಾಕಿ, ತಲೆಗೆ ಮಫ್ಲರ್ ಸುತ್ತಿ, ಇಸ್ತ್ರಿಯ ಅಂಗಿ ತೊಟ್ಟು ಹೊರಗೆ ಬಂದರು.

ಬ್ಯಾಟರಿಗೆ ಎರಡು ಕ್ಲಿಪ್ ಕಚ್ಚಿಸಿ, ಉದ್ದ ತಂತಿ ಎಳೆದು, ಮೀಟರನ್ನು ಅವರ ತೊಡೆಯ ಮೇಲಿಟ್ಟೆ. ಕುರುಗೋಡಿನ ತನಕ ಹೋಗಿ ವಾಪಸ್ ಬರುವುದೆಂದು ಮಾತಾಯಿತು. “ಹದಿಮೂರಕ್ಕಿಂತ ಕೆಳಗ ಬಂದ್ರ ಹೇಳ್ರಿ. ಅಲ್ಲೇ ತಿರುಗಿಸಿಬಿಡ್ತೀನಿ,” ಎಂದೆ.

ಆ ಬೆಳಗನ್ನು ನೆನೆದರೆ ಈಗಲೂ ಎಚ್ಚರದಲ್ಲಿ ಕಂಡದ್ದೋ ನಿದ್ದೆಯಲ್ಲಿ ಕಂಡದ್ದೋ ಎಂದು ಅನುಮಾನವಾಗುತ್ತದೆ. ಊರು ದಾಟಿದ ಮೇಲೆ ಇಬ್ಬನಿ ಸಿಕ್ಕಿತು. ರಸ್ತೆ ಎದುರಿಗೆ ಇಷ್ಟಿಷ್ಟೇ ಹುಟ್ಟುತ್ತ ಬರುತ್ತಿತ್ತು. ನನ್ನ ಬೆನ್ನ ಹಿಂದಿನಿಂದ ಒಂದು ದನಿ ಮೆಲ್ಲಗೆ, “ಹದಿನಾಲ್ಕು,” ಅನ್ನುತ್ತಿತ್ತು. ಸ್ವಲ್ಪ ಹೊತ್ತು ಗಾಳಿಯ ಸದ್ದು. ಮತ್ತೆ, “ಹದಿಮೂರು ಮುಕ್ಕಾಲು. ಹಾಂ, ಏರಿತು, ಹದಿನಾಲ್ಕು.” ಮನೆಯಲ್ಲಿ ದಿನಕ್ಕೆ ನಾಲ್ಕು ಮಾತು ಆಡದ ಮನುಷ್ಯ ಅಂದು ದಾರಿಯುದ್ದಕ್ಕೂ ನನ್ನ ಕಿವಿಯ ಹತ್ತಿರ ಮಾತಾಡಿದರು.

ಕುರುಗೋಡಿನ ಬಂಡೆಗುಡ್ಡ ಮೊದಲು ನೆರಳಾಗಿ, ಆಮೇಲೆ ಕಲ್ಲಾಗಿ ಕಾಣಿಸಿತು. ಊರೊಳಗಿನ ರಸ್ತೆ ಹಂಪುಗಳ ಮೇಲೆ ಗಾಡಿ ಹಾರಿ ಕುಪ್ಪಳಿಸಿತು. ಬಸ್ ಸ್ಟ್ಯಾಂಡ್ ದಾಟಿ ವೇಗ ಇಳಿಸಿದೆ.

“ಎಷ್ಟೈತ್ರಿ?”

ಅವರು ಸ್ವಲ್ಪ ತಡೆದು ಹೇಳಿದರು. “ಹದಿನಾಲ್ಕು. ಛಲೋ ಐತಿ. ಇನ್ನೊಂದೀಟು ಮುಂದ ಹೋಗು, ನೋಡೂಣು.”

ಹೋದೆ. ಇಬ್ಬನಿ ಹರಿದು ಭತ್ತದ ಗದ್ದೆಗಳು ಹಳದಿಯಾಗಿ ತೆರೆದುಕೊಂಡವು. ಕಾಲುವೆಯ ನೀರಿನಿಂದ ಉಗಿ ಏಳುತ್ತಿತ್ತು. ಬೆಳ್ಳಕ್ಕಿಗಳು ಎದ್ದು ನಮ್ಮ ಜೊತೆಗೇ ಸ್ವಲ್ಪ ದೂರ ಹಾರಿದವು. ಹಿಂದಿನಿಂದ ಅಂಕಿಗಳು ಬರುತ್ತಲೇ ಇದ್ದವು, ನಡುನಡುವೆ ಬೇರೆ ಮಾತೂ ಬರುತ್ತಿತ್ತು. “ಹದಿನಾಲ್ಕು. ಇಲ್ಲೊಂದು ಚಾದಂಗಡಿ ಇತ್ತು, ಚಾ ಸುಮಾರು, ಮಾತು ಬಾಳ. ಹದಿನಾಲ್ಕು. ಈ ತಿರುವಿನ್ಯಾಗ ಒಮ್ಮಿ ಎಮ್ಮಿ ಅಡ್ಡ ಬಂದು ಕೆಳಗ ಬಿದ್ದಿದ್ದೆ, ನಿಮ್ಮ ಅತ್ತೆಗೆ ಹೇಳಿಲ್ಲ. ಹದಿನಾಲ್ಕು.” ನಾನು ನಗುತ್ತ ಗಾಡಿ ಓಡಿಸಿದೆ. ತಿರುಗಿಸುವ ಮಾತೇ ಮರೆತುಹೋಗಿತ್ತು. ಅಷ್ಟು ಸುಖವಾಗಿ ನಾನು ಆ ರಸ್ತೆಯಲ್ಲಿ ಎಂದೂ ಹೋಗಿರಲಿಲ್ಲ.

ಸಿರುಗುಪ್ಪಕ್ಕೆ ಬಂದಾಗ ಬಿಸಿಲು ಬಂದಿತ್ತು. ರಸ್ತೆಯ ಅಂಚಿನಲ್ಲಿ ಭತ್ತ ಹರವಿದ್ದರು. ಗಿರಣಿಗಳಿಂದ ಬೆಂದ ಭತ್ತದ ವಾಸನೆ ಬರುತ್ತಿತ್ತು. ಮಾವ ಕೆಲಸ ಮಾಡುತ್ತಿದ್ದ ಗಿರಣಿಯ ಗೇಟಿನ ಎದುರು, ಅವರು ಕೇಳದಿದ್ದರೂ, ನಿಲ್ಲಿಸಿದೆ. ಅವರು ಇಳಿದು, ಸೊಂಟ ನೆಟ್ಟಗೆ ಮಾಡಿಕೊಂಡು, ಗೇಟಿನ ಕಡೆ ಮುಖ ಮಾಡಿ ನಿಂತರು. ನಾನು ಮೀಟರ್ ತೆಗೆದುಕೊಳ್ಳಲು ಬಗ್ಗಿದೆ.

ಕಪ್ಪು ಕ್ಲಿಪ್ಪು ಬ್ಯಾಟರಿಯಿಂದ ಕಳಚಿ ಕಾಲಿಡುವ ಕಡ್ಡಿಯ ಹತ್ತಿರ ನೇತಾಡುತ್ತಿತ್ತು. ಮೀಟರಿನಲ್ಲಿ ಸೊನ್ನೆ ಇತ್ತು.

“ಮಾವಾರ, ಇದು ಯಾವಾಗ ಬಿಚ್ಚಿತ್ರಿ?”

“ಕುರುಗೋಡಿನ ಹಂಪಿನ್ಯಾಗ.”

“ಮತ್ತ ಇಲ್ಲೀತನಕ ಹದಿನಾಲ್ಕು, ಹದಿನಾಲ್ಕು ಅಂದ್ರೆಲ್ಲ!”

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ನನ್ನ ಕಡೆ ನೋಡಲಿಲ್ಲ.

“ಸೊನ್ನಿ ಅಂದಿದ್ರ ನೀ ತಿರುಗಿಸಿಬಿಡ್ತಿದ್ದಿ,” ಎಂದರು.

ಅಷ್ಟರಲ್ಲಿ ಫೋನ್ ಬಂತು. ನನ್ನ ಗಂಡ ಎದ್ದಿದ್ದರು.

“ಎಲ್ಲಿ ಅದೀರಿ ಇಬ್ರೂ? ಕುಡತಿನಿಯಾತ ಸಂಜಿತನಕ ಯಾಕ, ಈಗಽ ಬರ್ತೀನಿ ಅಂತಾನ. ಏನ್ ಹೇಳ್ಲಿ? ಚಾರ್ಜ್ ಆಗಾಕತ್ತೈತೋ ಇಲ್ಲೋ? ಮೀಟರ್ ಎಷ್ಟು ತೋರಸ್ತೈತಿ?”

ಮಾವ ಗೇಟನ್ನೇ ನೋಡುತ್ತಿದ್ದರು. ಆದರೆ ಮಫ್ಲರನ್ನು ಕಿವಿಯಿಂದ ಸ್ವಲ್ಪ ಸರಿಸಿಕೊಂಡದ್ದು ನನಗೆ ಕಂಡಿತು.

“ಹದಿನಾಲ್ಕು ರೀ,” ಎಂದೆ. “ಅವ್ರಿಗೆ ಬರೂದು ಬ್ಯಾಡ ಅನ್ರಿ.”

ಮೀಟರ್ ನನ್ನ ಕೈಯಲ್ಲೇ ಇತ್ತು, ಇನ್ನೂ ಸೊನ್ನೆಯನ್ನೇ ತೋರಿಸುತ್ತಿತ್ತು.