ದೊಡ್ಡಪತ್ರೆಗೆ ಹೊದಿಸಿದ ಗೋಣಿ

ಇವತ್ತು ಬೆಳಿಗ್ಗೆ ಮೊಮ್ಮಗಳು ಅಂಗಳದ ಕುಂಡದಿಂದ ಒಂದು ದೊಡ್ಡಪತ್ರೆ ಎಲೆ ಕಿತ್ತು, ಅಂಗೈಯಲ್ಲಿ ಹೊಸಕಿ, "ತಾತ, ಮೂಸಿ ನೋಡು" ಎಂದು ನನ್ನ ಮೂಗಿಗೆ ಹಿಡಿದಳು. ಓಮದಂಥ ಆ ಘಾಟು ಒಳಗೆ ಹೋದದ್ದೇ ತಡ, ನನಗೆ ಸಿಟ್ಟು ಬಂತು. ನೀವು ನಗಬಹುದು. ಈ ಎಲೆ ಮೂಸಿ ನೆಗಡಿ ಕಳೆದುಕೊಂಡವರಿದ್ದಾರೆ, ಚಟ್ನಿ ನೆನೆದು ಬಾಯಲ್ಲಿ ನೀರೂರಿಸಿಕೊಂಡವರಿದ್ದಾರೆ. ಸಿಟ್ಟು ಮಾಡಿಕೊಂಡವನು ಮೊಳಕಾಲ್ಮೂರಿಗೆಲ್ಲ ನಾನೊಬ್ಬನೇ ಇರಬೇಕು. ಆದರೆ ಈ ಸಿಟ್ಟು ಇವತ್ತಿನದಲ್ಲ. ಅದಕ್ಕೆ ಮೂವತ್ತು ವರ್ಷ ದಾಟಿದೆ. ಮೊಮ್ಮಗಳ ಮುಂದೆ ಅದನ್ನು ಹೇಗೆ ಹೇಳಲಿ? "ಚೆನ್ನಾಗೈತೆ ಕಣವ್ವ" ಎಂದು ತಲೆ ಸವರಿ ಕಳಿಸಿದೆ.

ಆ ಗಿಡ ಈ ಮನೆಗೆ ಬಂದದ್ದು ನನ್ನ ಹೆಂಡತಿ ತಿಪ್ಪಮ್ಮನ ಜೊತೆಯಲ್ಲಿ. ಅವಳು ಚಳ್ಳಕೆರೆಯವಳು. ಗಾಡಿ ಹತ್ತುವಾಗ ಅವಳ ಅವ್ವ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕಡ್ಡಿಯನ್ನು ಮಡಿಲಿಗೆ ಹಾಕಿ ಕಳಿಸಿದ್ದರಂತೆ. ನಮ್ಮದು ಮಗ್ಗದ ಮನೆ, ಒಳಗೆ ಆಡುವುದು ತೆಲುಗು. ಹೊಸ ಸೊಸೆಗೆ ನಮ್ಮ ಅರ್ಧ ಮಾತು ತಿಳಿಯುತ್ತಿರಲಿಲ್ಲ. ಹೀಗಾಗಿ ಮೊದಲ ವರ್ಷ ಅವಳು ನನಗಿಂತ ಹೆಚ್ಚಾಗಿ ಆ ಕುಂಡದ ಜೊತೆಯಲ್ಲೇ ಮಾತಾಡಿದಳು. ನನಗೆ ಅದರ ಮೇಲೆ ಕೊಂಚ ಹೊಟ್ಟೆಕಿಚ್ಚೂ ಇತ್ತೆಂದು ಈಗ ಒಪ್ಪಿಕೊಳ್ಳಬಹುದು.

ದೊಡ್ಡಪತ್ರೆಯ ಗುಣ ನಿಮಗೆ ಗೊತ್ತೇ ಇದೆ. ದಪ್ಪ ಎಲೆ, ದಪ್ಪ ಕಾಂಡ, ತುಂಬ ನೀರು. ಬಿಸಿಲನ್ನು ಹೇಗಾದರೂ ತಡೆಯುತ್ತದೆ. ಚಳಿ ಬಿದ್ದರೆ ಮಾತ್ರ ಒಳಗಿನ ನೀರೇ ಅದಕ್ಕೆ ಶತ್ರು. ಎಲೆ ಬೇಯಿಸಿದ ಸೊಪ್ಪಿನಂತೆ ಜೋಲುತ್ತದೆ. ಪುಷ್ಯಮಾಸ ಬಂತೆಂದರೆ ತಿಪ್ಪಮ್ಮ ಸಂಜೆ ನೀರು ಹಾಕುವುದನ್ನು ನಿಲ್ಲಿಸಿ, ಕುಂಡವನ್ನು ಎತ್ತಿ ಅಡುಗೆಮನೆಯ ಒಲೆಯ ಮಗ್ಗುಲಿಗೆ ಇಡುತ್ತಿದ್ದಳು. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಮತ್ತೆ ಹೊರಗೆ. ನನ್ನ ಅಣ್ಣ ಇದನ್ನು ನೋಡಿ ನಗುತ್ತಿದ್ದ. ಅಪ್ಪ ತೀರಿದ ಮೇಲೆ ಮನೆಯ ಯಜಮಾನ ಅವನೇ. "ಮಗು ಹೆರೋಕೆ ಮುಂಚೇನೇ ತೊಟ್ಟಿಲು ತೂಗೋದು ಕಲೀತಾಳೆ ನೋಡು" ಎನ್ನುತ್ತಿದ್ದ. ನಾನೂ ನಗುತ್ತಿದ್ದೆ. ಅಣ್ಣ ನಕ್ಕಾಗ ನಗುವುದು ನನ್ನ ಕಸುಬಿನ ಒಂದು ಭಾಗವಾಗಿತ್ತು.

ಮೂರನೆಯ ವರ್ಷದ ಚಳಿಗಾಲದಲ್ಲಿ ಊರಿಗೆ ಪ್ಲೇಗು ಬಂತು. ಪಕ್ಕದ ಬೀದಿಯಲ್ಲಿ ಇಲಿ ಸತ್ತು ಬಿದ್ದ ಮೂರನೇ ದಿನಕ್ಕೆ ನಾವೆಲ್ಲ ಮನೆಗೆ ಬೀಗ ಹಾಕಿ, ಮಗ್ಗವನ್ನು ಹಾಗೇ ಬಿಟ್ಟು, ಊರಾಚೆ ಗುಡ್ಡದ ಬುಡದಲ್ಲಿ ಜೋಪಡಿ ಹಾಕಿಕೊಂಡೆವು. ಸೋಗೆಯ ಗೋಡೆ, ಸೋಗೆಯ ಸೂರು. ಅಡುಗೆ ಬಯಲಲ್ಲಿ. ಒಳಗೆ ಕಾಲು ಚಾಚಲು ಜಾಗವಿರಲಿಲ್ಲ. ಗಿಡವನ್ನು ಒಳಗೆ ತರಕೂಡದೆಂದು ಅಣ್ಣ ಮೊದಲ ದಿನವೇ ಹೇಳಿಬಿಟ್ಟ.

ತಿಪ್ಪಮ್ಮ ಎದುರಾಡಲಿಲ್ಲ. ಜೋಪಡಿಯ ಹಿಂದೆ ಒಂದು ದೊಡ್ಡ ಬಂಡೆ ಇತ್ತು. ಹಗಲೆಲ್ಲ ಬಿಸಿಲು ಕುಡಿದು ಸಂಜೆಯಾದರೂ ಬೆಚ್ಚಗಿರುತ್ತಿತ್ತು. ಅವಳು ಅಂಗೈ ಇಟ್ಟು ಇಟ್ಟು ನೋಡಿ, ಮೂಡಗಾಳಿ ತಾಗದ ಕಡೆ ಕುಂಡವನ್ನು ಬಂಡೆಗೆ ಒತ್ತಿ ಇಟ್ಟಳು. ಸುತ್ತ ಒಣಹುಲ್ಲು ತುರುಕಿದಳು. ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿ, ಅದರ ಮೇಲೆ ದಪ್ಪನೆಯ ಗೋಣಿಯೊಂದನ್ನು ಹೊದಿಸಿ, ಅಂಚಿಗೆ ಕಲ್ಲು ಹೇರಿದಳು. ಅಂಥ ಚಳಿಯನ್ನು ನಮ್ಮ ಕಡೆಯ ಹಿರಿಯರೂ ಕಂಡಿರಲಿಲ್ಲವಂತೆ. ಆದರೂ ಗಿಡ ದಿನಾ ಬೆಳಿಗ್ಗೆ ಹಸಿರಾಗಿಯೇ ಏಳುತ್ತಿತ್ತು.

ಆ ನಡುವೆ ಚಳ್ಳಕೆರೆಯಿಂದ ಒಬ್ಬ ಬಂದ. ಹತ್ತಿರ ಬರಲಿಲ್ಲ. ಹೊಲದ ಬದುವಿನ ಮೇಲೆ ನಿಂತು, ಕೈಯನ್ನು ಬಾಯಿಗೆ ಹಿಡಿದು ಕೂಗಿದ: "ತಿಪ್ಪಮ್ಮಾ... ನಿಮ್ಮವ್ವ ಹೋಗಿಬಿಟ್ಳು ಕಣವ್ವ! ಮಣ್ಣೂ ಆಯ್ತು! ಬರಬ್ಯಾಡ, ದಾರೀಲಿ ಬಿಡಾಕಿಲ್ಲ!" ಸಾವಿನ ಸುದ್ದಿಯನ್ನು ಹಾಗೆ ದನ ಕರೆದಂತೆ ಕೂಗಿ ಹೇಳಬೇಕಾದ ಕಾಲ ಅದು. ಅವಳು ಅಳುತ್ತಾ ಅಲ್ಲೇ ಕುಸಿದಳು. ಆಮೇಲೆ ಎದ್ದು ಹೋಗಿ ಬುಟ್ಟಿ ಎತ್ತಿ, ಗಿಡದ ಮುಂದೆ ಬಹಳ ಹೊತ್ತು ಕುಳಿತಿದ್ದಳು. ಅದು ಈಗ ಬರೀ ಗಿಡವಲ್ಲ ಎನ್ನುವುದು ನನಗೆ ತಿಳಿಯಿತು. ಅಣ್ಣನಿಗೂ ತಿಳಿಯಿತು. ಇದನ್ನು ನೀವು ನೆನಪಿಡಬೇಕು: ಅವನಿಗೂ ತಿಳಿದಿತ್ತು.

ಅದಾದ ಎಂಟನೆಯ ದಿನವೋ ಒಂಬತ್ತನೆಯ ದಿನವೋ, ದೀಪ ಹಚ್ಚುವ ಹೊತ್ತು. ತಿಪ್ಪಮ್ಮ ಗಿಡಕ್ಕೆ ಹೊದಿಸಿ ಮುದ್ದೆಗೆ ಎಸರಿಡಲು ಹೋಗಿದ್ದಳು. ಗಂಡಸರು ಬೆಂಕಿ ಹಾಕಿಕೊಂಡು ಸುತ್ತ ಸೇರಿದ್ದರು. ನಾನು ಹೋದಾಗ ಅಣ್ಣ ಆ ಗೋಣಿಯನ್ನು ನೆಲಕ್ಕೆ ಹಾಸಿಕೊಂಡು ಕುಳಿತಿದ್ದ.

"ಏಮಿರಾ, ನಿಂತೇ ಇದೀಯಲ್ಲ. ಬಾ, ಕೂತ್ಕ. ಇನ್ನೂ ಅರ್ಧ ಜಾಗ ಐತೆ."

"ಅಣ್ಣ, ಇದು ಗಿಡದ ಗೋಣಿ ಅಲ್ವಾ?"

"ಗಿಡಕ್ಕೇನು ಸೊಂಟ ಹಿಡೀತೈತೇನಲೇ? ಏಳೋವಾಗ ಹೊದಿಸಿದ್ರಾಯ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, ಉಳಿದ ಅರ್ಧದ ಮೇಲೆ ಕುಳಿತೆ. ಬೆಚ್ಚಗಿತ್ತು. ಊಟಕ್ಕೆ ಕರೆದಾಗ ಅಣ್ಣ ಗೋಣಿ ಕೊಡವಿ, ನಾವು ಸಾಮಾನು ಹೇರಿಕೊಂಡು ಬಂದಿದ್ದ ಗಾಡಿಯೊಳಗೆ ಎಸೆದ. ನಾನು ನೋಡಿದೆ. ನೋಡಿಯೂ ಊಟಕ್ಕೆ ಹೋದೆ.

ಬೆಳಿಗ್ಗೆ ಗಿಡ ಕಪ್ಪಿಟ್ಟು ಜೋತುಬಿದ್ದಿತ್ತು. ಬುಟ್ಟಿಯ ಸಂದುಗಳಲ್ಲಿ ಚಳಿ ನುಗ್ಗಿ ಒಂದು ಎಲೆಯನ್ನೂ ಬಿಟ್ಟಿರಲಿಲ್ಲ. ಆ ಕಾಲದಲ್ಲಿ ನಮ್ಮ ಮನೆಯ ಸೊಸೆಯರು ಗಂಡನ ಅಣ್ಣನ ಎದುರು ನಿಂತು ಮಾತಾಡುತ್ತಿರಲಿಲ್ಲ. ತಿಪ್ಪಮ್ಮ ಅವತ್ತು ಸೆರಗು ಬಿಗಿದು ನೇರ ಎದುರಿಗೇ ಹೋಗಿ ನಿಂತಳು.

"ಭಾವ, ಗೋಣಿ ಯಾರು ತೆಗೆದ್ರು?"

"ನಂಗೇನು ಗೊತ್ತವ್ವ? ನಾಯಿ ಎಳ್ಕೊಂಡು ಹೋಗಿರ್ಬೇಕು."

ಅವಳು ನನ್ನ ಕಡೆ ತಿರುಗಿದಳು. "ನೀವೇನಾದ್ರೂ ಕಂಡ್ರಾ?"

ಅಣ್ಣ ನನ್ನನ್ನೇ ನೋಡುತ್ತಿದ್ದ. "ಇಲ್ಲ" ಎಂದೆ.

ಒಂದು ಶಬ್ದ. ಅದನ್ನು ನುಂಗಿಕೊಳ್ಳಲು ನನಗೆ ಮೂವತ್ತು ವರ್ಷ ಸಾಲಲಿಲ್ಲ. ಅಣ್ಣನ ಮೇಲಿನ ಸಿಟ್ಟು ಒಂದು ಪಾಲಾದರೆ, ಆ "ಇಲ್ಲ"ದ ಮೇಲಿನದು ಮೂರು ಪಾಲು.

ಗಿಡ ಸಾಯಲಿಲ್ಲ; ಅವಳು ಸಾಯಲು ಬಿಡಲಿಲ್ಲ. ಕೊಳೆತದ್ದನ್ನೆಲ್ಲ ಕೊಯ್ದು ಬಿಸಾಕಿದಳು. ಬುಡದಲ್ಲಿ ಬೆರಳುದ್ದದ ಒಂದು ತುಂಡು ಗಟ್ಟಿಯಾಗಿತ್ತು. ಅದನ್ನು ಎರಡು ದಿನ ನೆರಳಲ್ಲಿ ಒಣಗಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ಊರಿ, ಹನಿ ನೀರೂ ಹಾಕದೆ, ಕುಂಡವನ್ನು ತನ್ನ ಕಂಬಳಿಯಲ್ಲೇ ಸುತ್ತಿ ಬಂಡೆಗೆ ಒತ್ತಿ ಇಟ್ಟಳು. ತಾನು ಸೀರೆ ಹೊದ್ದು ಮಲಗಿದಳು. ನನ್ನ ಕಂಬಳಿ ಕೊಡಲು ಹೋದರೆ, "ಬ್ಯಾಡ್ರಿ. ನಿಮಗೆ ಬೆಚ್ಚಗಿರ್ಬೇಕು" ಎಂದಳು. ಅದರಲ್ಲಿ ಕೊಂಕಿತ್ತೇ ಎಂದು ಎಷ್ಟೋ ವರ್ಷ ಯೋಚಿಸಿದೆ. ಶಿವರಾತ್ರಿ ಕಳೆದು ನಾವು ಊರೊಳಗೆ ಮರಳುವಾಗ ಆ ತುಂಡಿನಲ್ಲಿ ಸಾಸಿವೆಯಷ್ಟು ಎರಡು ಚಿಗುರಿದ್ದವು.

ಈ ಮಧ್ಯಾಹ್ನ ಅಣ್ಣ ಊಟಕ್ಕೆ ಬಂದಿದ್ದ. ಹಲ್ಲೆಲ್ಲ ಹೋಗಿವೆ, ಕಥೆ ಹೇಳುವ ಚಪಲ ಹೋಗಿಲ್ಲ. ಜಗುಲಿಯ ಮೇಲೆ ನನ್ನ ಮೊಮ್ಮಗಳನ್ನು ಕೂರಿಸಿಕೊಂಡು ಹೇಳುತ್ತಿದ್ದ: "ಈ ಗಿಡ ಐತಲ್ಲ, ಪ್ಲೇಗಿನ ವರ್ಷ ಸತ್ತೇ ಹೋಗ್ತಿತ್ತು. ನಾನು ನನ್ನ ಗೋಣಿ ಹೊದಿಸಿ ಉಳಿಸಿದ್ದು, ತಿಳೀತಾ?"

ಮುದುಕನ ಮಾತೆಂದು ಬಿಡಬಹುದಿತ್ತು. ಬಿಡಲಿಲ್ಲ.

"ಸುಳ್ಳು" ಎಂದೆ. ನನಗೇ ಗುರುತು ಸಿಗದಷ್ಟು ದೊಡ್ಡ ದನಿ. "ಗೋಣಿ ಕಿತ್ತೋನೇ ನೀನು. ಕುಂಡಿ ಕೆಳಗೆ ಹಾಸ್ಕೊಂಡು ನಾಯಿ ಮೇಲೆ ಹೇಳ್ದೆ. ಅವ್ವನ್ನ ಕಳ್ಕೊಂಡೋಳ ಮುಂದೆ ನಿಂತು ಹೇಳ್ದೆ. ಇನ್ನರ್ಧದ ಮೇಲೆ ನಾನು ಕೂತಿದ್ದೆ. ನಾನೂ ಸುಳ್ಳು ಹೇಳ್ದೆ."

ಮೊಮ್ಮಗಳು ಮೆಲ್ಲನೆ ಎದ್ದು ಒಳಗೆ ಹೋದಳು. ಬಾಗಿಲಲ್ಲಿ ತಿಪ್ಪಮ್ಮ ನಿಂತಿದ್ದಳು, ಕೈಯಲ್ಲಿ ಮಜ್ಜಿಗೆಯ ಚೊಂಬು. ನಾನು ಅವಳ ಕಡೆ ನೋಡಲಾರದೆ ನೋಡಿದೆ.

"ನಂಗೆ ಅವತ್ತೇ ಗೊತ್ತಿತ್ತು" ಎಂದಳು. "ನಿಮ್ಮ ಪಂಚೆಗೆಲ್ಲ ಗೋಣಿ ನಾರು ಅಂಟಿತ್ತು. ಒಗೆದೋಳು ನಾನೇ ಅಲ್ವಾ?"

ಅಣ್ಣನ ಲೋಟಕ್ಕೆ ಮಜ್ಜಿಗೆ ಬಗ್ಗಿಸಿದಳು. ಆಮೇಲೆ ನನ್ನ ಲೋಟಕ್ಕೂ ಬಗ್ಗಿಸಿ, ನಾನು ಕುಡಿದು ಮುಗಿಸುವವರೆಗೆ ಕದಲದೆ ಅಲ್ಲೇ ನಿಂತಳು.